ಕೈ ನಡುಗಿದ್ರೆ ಕುಡಿದಿದಾನೆ ಅಂತಲ್ಲ

ನಿಮ್ಮಲ್ಲಿ ಕೆಲವರು ವಡೋದರ ಮತ್ತು ಸೂರತ್‌ನಿಂದ ಬೆಳಗಿನ ರೈಲು ಹಿಡಿದು ಅಹ್ಮದಾಬಾದಿಗೆ ಬಂದಿದೀರಿ. ಸಿಗೋದೇ ವಾರಕ್ಕೊಂದು ಭಾನುವಾರ. ಅದನ್ನೂ ಬಿಟ್ಟು ಕನ್ನಡ ಕೇಳೋಕೆ ಬಂದಿದೀರಿ.

ನನಗಿಂತ ಮುಂಚೆ ಮಾತಾಡಿದವರೆಲ್ಲ ಮೈಕ್ ಕೈಯಲ್ಲಿ ಹಿಡ್ಕೊಂಡು ಓಡಾಡ್ತಾ ಮಾತಾಡಿದ್ರು. ನಾನು ಮಾತ್ರ ಸ್ಟ್ಯಾಂಡ್ ಕೇಳಿ ಹಾಕಿಸ್ಕೊಂಡೆ. ಯಾಕಂದ್ರೆ ನನ್ನ ಕೈ ನಡುಗತ್ತೆ. ಮೈಕ್ ಹಿಡಿದ್ರೆ ಮುಂದಿನ ಸಾಲಿನವರಿಗೆ ಅದು ಕಾಣ್ಸತ್ತೆ. ಆಮೇಲೆ ನಾನು ಏನು ಹೇಳಿದ್ರೂ ಅವರು ಕೇಳಲ್ಲ, ಕೈಯನ್ನೇ ನೋಡ್ತಾ ಕೂತಿರ್ತಾರೆ.

ನಾನು ಡಾಕ್ಟರ್ ಅಲ್ಲ. ಸಾಫ್ಟ್‌ವೇರ್ ಟೆಸ್ಟಿಂಗ್ ನನ್ನ ಕೆಲಸ. ಊರು ಅರಸೀಕೆರೆ ತಾಲ್ಲೂಕು, ವಯಸ್ಸು ಮೂವತ್ತೊಂದು. ಅಹ್ಮದಾಬಾದಿಗೆ ಬಂದು ಆರು ವರ್ಷ ಆಯ್ತು. ಇವತ್ತು ಹೇಳೋದರಲ್ಲಿ ಅರ್ಧ ನನ್ನ ಅನುಭವ, ಇನ್ನರ್ಧ ಡಾಕ್ಟರ್‌ಗಳ ಹತ್ರ ಕೇಳಿ, ಓದಿ ತಿಳ್ಕೊಂಡಿದ್ದು.

ಎರಡು ವರ್ಷದ ಹಿಂದಿನ ಮಾತು. ಮೇ ತಿಂಗಳು, ರಾತ್ರಿ ಹನ್ನೊಂದೂವರೆ. ರಿಲೀಸ್ ಮುಗಿಸಿ ನಾಲ್ಕು ಜನ ಎಸ್‌ಜಿ ಹೈವೇ ಪಕ್ಕದ ಕಿಟ್ಲಿಗೆ ಹೋಗಿದ್ವಿ. ಇಲ್ಲಿ ಟೀ ಅಂಗಡಿಗೆ ಕಿಟ್ಲಿ ಅಂತಾರೆ, ಅರ್ಧ ಟೀಗೆ ಅಡಧಿ ಅಂತಾರೆ. ನಿಮಗೆ ಗೊತ್ತಿರೋದೇ. ಆ ಅಂಗಡಿಯಲ್ಲಿ ಇನ್ನೂ ಕಪ್ಪು ಸಾಸರ್ ಕೊಡ್ತಾರೆ. ನಾನು ಸಾಸರ್ ಹಿಡಿದೆ, ಕಪ್ಪು ಅದರ ಮೇಲೆ ಕಟಕಟ ಅಂತ ಸದ್ದು ಮಾಡ್ತು. ಅಂಗಡಿ ಕಾಕಾ ನಗ್ತಾ, "ಠಂಡಿ ಲಾಗೇ ಛೇ?" ಅಂದ್ರು. ಚಳಿ ಆಗ್ತಿದ್ಯಾ ಅಂತ. ಆವತ್ತು ಹಗಲು 43 ಡಿಗ್ರಿ ಇತ್ತು! ಎಲ್ಲರೂ ನಕ್ಕರು. ಒಬ್ಬ ಸಹೋದ್ಯೋಗಿ, "ಡ್ರೈ ಸ್ಟೇಟ್‌ನಲ್ಲೂ ಇವನಿಗೆ ಎಲ್ಲಿ ಸಿಗತ್ತೋ ಮಾರಾಯಾ" ಅಂದ. ನಾನೂ ನಕ್ಕೆ.

ಮನೆಗೆ ಬಂದು ನಾನು ಮಾಡಿದ್ದು, ನಾವೆಲ್ಲ ಮಾಡೋದು. ಗೂಗಲ್. ಬೆಳಗಿನ ಜಾವ ಮೂರು ಗಂಟೆಗೆ ನನಗೆ ಪಾರ್ಕಿನ್ಸನ್ ಇದೆ ಅಂತ ನಾನೇ ತೀರ್ಮಾನ ಮಾಡಿ ಆಗಿತ್ತು. ಬೆಳಿಗ್ಗೆ ಎದ್ದು ನೋಡಿದ್ರೆ ಕೈ ಇನ್ನೂ ಜಾಸ್ತಿ ನಡುಗ್ತಿದೆ. ನಿದ್ದೆ ಇಲ್ಲ, ಭಯ, ಖಾಲಿ ಹೊಟ್ಟೆಗೆ ಟೀ. ನಡುಗದೆ ಇನ್ನೇನು?

ಆಮೇಲೆ ಮೂರು ತಿಂಗಳು ಬಚ್ಚಿಟ್ಟೆ. ಕ್ಯಾಂಟೀನಿನಲ್ಲಿ ದಾಲ್ ತಗೊಳ್ಳೋದು ಬಿಟ್ಟೆ, ಚಮಚದಲ್ಲಿ ನಿಲ್ಲಲ್ಲ ಅಂತ. ಸ್ಕ್ರೀನ್ ಶೇರ್ ಮಾಡುವಾಗ ಕರ್ಸರ್ ಅಲ್ಲಾಡತ್ತೆ ಅಂತ ಕೀಬೋರ್ಡ್ ಶಾರ್ಟ್‌ಕಟ್ ಎಲ್ಲ ಕಲಿತೆ. ಅದೊಂದು ಲಾಭ ಅನ್ನಿ. ಬ್ಯಾಂಕಲ್ಲಿ ಕೆವೈಸಿಗೆ ಸಹಿ ಮಾಡಿಸಿದ್ರು, ಹಳೇ ಸಹಿಗೆ ಹೊಂದಲಿಲ್ಲ. ಎದುರಿಗೆ ಕೂತು ನೋಡ್ತಿದ್ರೆ ಕೈ ಇನ್ನೂ ಜೋರಾಗತ್ತೆ. ಮೂರು ಸಲ ಹಾಕಿದೆ, ಮೂರೂ ಬೇರೆ ಬೇರೆ. ಹಿಂದೆ ಸಾಲಲ್ಲಿ ಜನ. ಬೆವರಿಳೀತಿತ್ತು.

ಈಗ ಒಂದು ಸಣ್ಣ ಕೆಲಸ ಮಾಡಿ. ಎಲ್ಲರ ಹತ್ರಾನೂ ಇವತ್ತಿನ ಕಾರ್ಯಕ್ರಮದ ಹಾಳೆ ಇದೆ. ಬಲಗೈ ಮುಂದೆ ಚಾಚಿ, ಅಂಗೈ ಕೆಳಗೆ ಮಾಡಿ, ಬೆರಳು ಬಿಡಿಸಿ, ಬೆರಳ ಮೇಲೆ ಹಾಳೆ ಇಡಿ. ಹಾಳೆ ಅಂಚು ನೋಡಿ. ಸಣ್ಣಗೆ ಅದುರ್ತಿದೆ ಅಲ್ವಾ? ಎಲ್ಲರದ್ದೂ ಅದುರತ್ತೆ. ಅದುರದೇ ಇರೋ ಕೈ ಈ ಭೂಮಿ ಮೇಲೆ ಇಲ್ಲ. ಆರೋಗ್ಯವಾಗಿರೋ ಮನುಷ್ಯನ ಕೈ ಸೆಕೆಂಡಿಗೆ 8ರಿಂದ 12 ಸಲ ಕಂಪಿಸತ್ತೆ. ಕಣ್ಣಿಗೆ ಕಾಣದಷ್ಟು ಸಣ್ಣದು, ಅಷ್ಟೇ. ಸೂರತ್‌ನವರು ವರಾಛಾ ಕಡೆ ವಜ್ರ ಉಜ್ಜೋರನ್ನ ನೋಡಿರ್ತೀರಿ. ಅವರು ಕೈಯನ್ನ ಗಾಳಿಯಲ್ಲಿ ಹಿಡಿದು ಕೆಲಸ ಮಾಡಲ್ಲ, ಮೇಜಿಗೆ ಆನಿಸ್ಕೊಂಡು ಮಾಡ್ತಾರೆ. ಕಣ್ಣಿನ ಆಪರೇಷನ್ ಮಾಡೋ ಡಾಕ್ಟರೂ ಅಷ್ಟೇ, ಮಣಿಕಟ್ಟಿಗೆ ಆಸರೆ ಕೊಟ್ಕೋತಾರೆ. ಕೈ ಸ್ಥಿರವಾಗಿ ಕಾಣೋದು ಆ ಆಸರೆಯಿಂದ.

ಈ ಹುಟ್ಟು ನಡುಕ ಕೆಲವು ಕಾರಣಕ್ಕೆ ಕಣ್ಣಿಗೆ ಕಾಣೋಷ್ಟು ಹೆಚ್ಚಾಗತ್ತೆ. ನಿದ್ದೆಗೇಡು, ಆತಂಕ, ಹಸಿವು, ಜಾಸ್ತಿ ಟೀ ಕಾಫಿ, ನಿಕೋಟಿನ್. ನವರಾತ್ರಿಯಲ್ಲಿ ಹಗಲೆಲ್ಲ ಉಪವಾಸ, ರಾತ್ರಿ ಎರಡರವರೆಗೆ ಗರ್ಬಾ, ಬೆಳಿಗ್ಗೆ ಸ್ಟ್ಯಾಂಡಪ್ ಕಾಲ್. ಆವಾಗ ಕೈ ನಡುಗಿದ್ರೆ ಆಶ್ಚರ್ಯ ಏನಿಲ್ಲ. ಎನರ್ಜಿ ಡ್ರಿಂಕಿನ 250 ಎಂಎಲ್ ಡಬ್ಬದಲ್ಲಿ ಸುಮಾರು 75 ಮಿಲಿಗ್ರಾಂ ಕೆಫೀನ್ ಇರತ್ತೆ. ಆರೋಗ್ಯವಂತ ದೊಡ್ಡವರಿಗೆ ದಿನಕ್ಕೆ 400 ದಾಟಬಾರದು ಅಂತ ಲೆಕ್ಕ. ನಾನು ಎಂಟು ಅಡಧಿ, ಎರಡು ಡಬ್ಬ, ಮಧ್ಯೆ ಆಫೀಸ್ ಮಷೀನಿನ ಕಾಫಿ ಕುಡೀತಿದ್ದೆ. ಲೆಕ್ಕ ಹಾಕೋಕೇ ಹೋಗಿರಲಿಲ್ಲ.

ನಿಕೋಟಿನ್ ಅಂದ್ರೆ ಸಿಗರೇಟು ಮಾತ್ರ ಅಲ್ಲ. ಇಲ್ಲಿ ಮಾವಾ ಅಂತ, ಅಡಿಕೆ ತಂಬಾಕು ಸುಣ್ಣ ಹಾಕಿ ಪ್ಲಾಸ್ಟಿಕ್ಕಿನಲ್ಲಿ ಉಜ್ಜಿ ಕೊಡ್ತಾರಲ್ಲ, ನಮ್ಮ ಹುಡುಗರು ಎಷ್ಟೋ ಜನ ಕಲ್ತಿದಾರೆ. ನಿಕೋಟಿನ್ ಮೈಗೆ ಎಷ್ಟು ಸಲೀಸಾಗಿ ಸೇರತ್ತೆ ಗೊತ್ತಾ? ಇದೇ ಊರಿನ ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆಯವರು ಗುಜರಾತಿನ ಹೊಗೆಸೊಪ್ಪಿನ ಹೊಲದ ಕೂಲಿಕಾರರ ಮೇಲೆ ಅಧ್ಯಯನ ಮಾಡಿದಾರೆ. ಹಸಿ ಎಲೆ ಮುಟ್ಟಿದ್ದಕ್ಕೇ ಚರ್ಮದ ಮೂಲಕ ನಿಕೋಟಿನ್ ಒಳಗೆ ಹೋಗಿ ತಲೆಸುತ್ತು, ವಾಂತಿ ಬರತ್ತೆ. ಮುಟ್ಟಿದ್ರೇ ಹಿಂಗೆ, ಇನ್ನು ಬಾಯಲ್ಲಿ ಇಟ್ಕೊಂಡ್ರೆ?

ನಾನು ಈ ವಿಷಯ ಬಾಯಿಬಿಟ್ಟ ಮೇಲೆ ನಮ್ಮ ಗುಂಪಿನಲ್ಲೇ ಇನ್ನಿಬ್ಬರು, "ನನಗೂ ಇತ್ತು" ಅಂದ್ರು. ಅವರನ್ನ ಕೇಳಿಯೇ ಹೇಳ್ತಿದೀನಿ, ಹೆಸರು ಬೇಡ ಅಂದಿದಾರೆ.

ಒಬ್ಬ ವಡೋದರದಲ್ಲಿರೋ ಹುಡುಗ, 26 ವರ್ಷ. ಚಿಕ್ಕಂದಿನಿಂದ ಉಬ್ಬಸ. ರೂಮಿನ ಪಕ್ಕ ಕಟ್ಟಡ ಕೆಲಸ, ಧೂಳು. ಸಾಲ್ಬುಟಮಾಲ್ ಇನ್‌ಹೇಲರ್ ದಿನಕ್ಕೆ ಆರೇಳು ಸಲ ಎಳೀತಿದ್ದ. ಆ ಔಷಧಿಯ ಗೊತ್ತಿರೋ ಅಡ್ಡಪರಿಣಾಮವೇ ಕೈ ನಡುಕ, ಎದೆ ಬಡಿತ. ಅವನಿಗೆ ಅದು ಗೊತ್ತಿಲ್ಲ. ಇಂಟರ್‌ವ್ಯೂ ಇತ್ತು ಅಂತ ಯಾರೋ ಸ್ನೇಹಿತ, "ಇದು ತಗೋ, ಸ್ಟೇಜ್ ಹತ್ತೋರೆಲ್ಲ ತಗೋತಾರೆ" ಅಂತ ಪ್ರೊಪ್ರನಾಲಾಲ್ ಮಾತ್ರೆ ಕೊಟ್ಟ. ಅದು ಒಳ್ಳೆ ಔಷಧಿ. ಅದನ್ನ ಕಂಡುಹಿಡಿದ ಜೇಮ್ಸ್ ಬ್ಲ್ಯಾಕ್ ಅವರಿಗೆ 1988ರಲ್ಲಿ ನೊಬೆಲ್ ಬಂತು. ನಡುಕಕ್ಕೂ ಕೊಡ್ತಾರೆ. ಆದರೆ ಉಬ್ಬಸ ಇರೋರಿಗೆ ಅದು ಶ್ವಾಸನಾಳ ಬಿಗಿಯೋ ಹಾಗೆ ಮಾಡತ್ತೆ, ಇನ್‌ಹೇಲರ್ ಕೂಡ ಸರಿಯಾಗಿ ಕೆಲಸ ಮಾಡಲ್ಲ. ಇಂಟರ್‌ವ್ಯೂಗೆ ಹೋಗಬೇಕಾದವನು ಆಕ್ಸಿಜನ್ ಹಾಕಿಸ್ಕೊಂಡು ಕ್ಯಾಷುವಾಲ್ಟಿಯಲ್ಲಿ ಮಲಗಿದ್ದ. ಉಳ್ಕೊಂಡ, ದೇವರು ದೊಡ್ಡೋನು. ಆಮೇಲೆ ಅಲ್ಲಿ ಡಾಕ್ಟರು ಉಬ್ಬಸ ತಡೆಯೋ ಬೇರೆ ಇನ್‌ಹೇಲರ್ ದಿನಾ ತಗೊಳ್ಳೋಕೆ ಕೊಟ್ಟರು. ಹಳೇದು ಎಳೆಯೋದು ವಾರಕ್ಕೊಂದು ಸಲಕ್ಕೆ ಇಳೀತು, ಕೈ ನಡುಕಾನೂ ಹೋಯ್ತು. ದಯವಿಟ್ಟು ಯಾರ ಮಾತ್ರೆಯನ್ನೂ ಯಾರೂ ಹಂಚ್ಕೋಬೇಡಿ.

ಇನ್ನೊಬ್ಬರು ಸೂರತ್‌ನಲ್ಲಿರೋ ನಮ್ಮ ಕಡೆ ಹೆಣ್ಣುಮಗಳು, 29 ವರ್ಷ. ನಾಲ್ಕು ತಿಂಗಳಲ್ಲಿ ಏಳು ಕೆಜಿ ಇಳಿದ್ರು. ಚೆನ್ನಾಗಿ ಊಟ ಮಾಡ್ತಿದ್ರು, ಆದರೂ ಇಳಿದ್ರು. ಎಲ್ಲರೂ "ಡಯಟ್ ಯಾವುದು ಹೇಳ್ರೀ" ಅಂತ ಕೇಳಿದ್ದೇ ಕೇಳಿದ್ದು. ಎಸಿಯಲ್ಲಿ ಕೂತ್ರೂ ಬೆವರು, ಕೂತಲ್ಲೇ ನಾಡಿ ನಿಮಿಷಕ್ಕೆ 110, ಬೆರಳುಗಳು ಸಣ್ಣಗೆ ನಡುಕ. ಡಾಕ್ಟರು ಈಗ ನೀವು ಮಾಡಿದ ಹಾಗೇ ಕೈ ಮೇಲೆ ಹಾಳೆ ಇಟ್ಟು ನೋಡಿದ್ರಂತೆ, ಹಾಳೆ ಪಟಪಟ ಅಂದಿದೆ. ರಕ್ತಪರೀಕ್ಷೆಯಲ್ಲಿ ಟಿಎಸ್‌ಎಚ್ ತಳಕ್ಕೆ ಇಳಿದಿತ್ತು. ಥೈರಾಯ್ಡ್ ಗ್ರಂಥಿ ಅತಿಯಾಗಿ ಕೆಲಸ ಮಾಡ್ತಿತ್ತು. ಮಾತ್ರೆ ಶುರುವಾಗಿ ಎರಡು ಮೂರು ತಿಂಗಳಲ್ಲಿ ಕೈ ನಿಂತಿತು. ಒಂದು ರಕ್ತಪರೀಕ್ಷೆಯಲ್ಲಿ ಸಿಕ್ಕಿ ಬೀಳೋ ಕಾಯಿಲೆ. ಮನೆಯವರು ಮಾತ್ರ ಆರು ತಿಂಗಳು "ಟೆನ್ಷನ್ ಮಾಡ್ಕೋಬೇಡ" ಅಂತ ಹೇಳ್ಕೊಂಡೇ ಕೂತಿದ್ರು.

ನನ್ನ ಸರದಿ. ಕೊನೆಗೂ ಇಲ್ಲೇ ಒಬ್ಬ ನರರೋಗ ತಜ್ಞರ ಹತ್ರ ಹೋದೆ. ಹಿರಿಯರು. ಹೋದ ತಕ್ಷಣ ಸ್ಕ್ಯಾನ್ ಬರೀತಾರೆ ಅಂದ್ಕೊಂಡಿದ್ದೆ, ಬರೀಲಿಲ್ಲ. ಕೈ ತೊಡೆ ಮೇಲೆ ಸಡಿಲ ಬಿಟ್ಟು ಕೂರೋಕೆ ಹೇಳಿದ್ರು. ಆವಾಗ ಕೈ ಸುಮ್ಮನಿತ್ತು. ಮುಂದೆ ಚಾಚೋಕೆ ಹೇಳಿದ್ರು, ನಡುಗ್ತು. ಅವರ ಬೆರಳು ಮುಟ್ಟಿ ನನ್ನ ಮೂಗು ಮುಟ್ಟು ಅಂದ್ರು. ಒಂದು ಲೋಟದಿಂದ ಇನ್ನೊಂದು ಲೋಟಕ್ಕೆ ನೀರು ಹಾಕಿಸಿದ್ರು, ಚೆಲ್ಲಿತು. ಹಾಳೆ ಮೇಲೆ ಸುರುಳಿ ಬರೆಸಿದ್ರು, ಚಕ್ಕುಲಿ ಥರ. ನಂದು ನಿಜವಾಗ್ಲೂ ಮುಳ್ಳು ಚಕ್ಕುಲಿ ಥರಾನೇ ಬಂತು. ಆಮೇಲೆ "ನಿನ್ನ ಭಾಷೆಯಲ್ಲಿ ಒಂದು ಸಾಲು ಬರಿ" ಅಂದ್ರು. ನಮ್ಮೂರು ಅರಸೀಕೆರೆ ಹತ್ರ ಅಂತ ಬರೆದೆ. ಅವರಿಗೆ ಕನ್ನಡ ಬರಲ್ಲ, ಆದರೂ ಎರಡು ನಿಮಿಷ ನೋಡಿದ್ರು. "ಪಾರ್ಕಿನ್ಸನ್‌ನಲ್ಲಿ ಅಕ್ಷರ ಬರ್ತಾ ಬರ್ತಾ ಸಣ್ಣದಾಗತ್ತೆ. ನಿನ್ನದು ದೊಡ್ಡದೇ ಇದೆ, ಅಲೆ ಅಲೆಯಾಗಿದೆ" ಅಂದ್ರು. ಪಾರ್ಕಿನ್ಸನ್ ನಡುಕ ಸಾಮಾನ್ಯವಾಗಿ ಕೈ ಸುಮ್ಮನಿದ್ದಾಗ, ಒಂದು ಕಡೆಯಿಂದ ಶುರುವಾಗತ್ತೆ, ಜೊತೆಗೆ ಮೈ ಬಿಗಿಯಾಗತ್ತೆ, ನಿಧಾನ ಆಗತ್ತೆ. ನನ್ನದು ಎರಡೂ ಕೈ, ಕೆಲಸ ಮಾಡುವಾಗ ಮಾತ್ರ.

"ಎಷ್ಟು ವರ್ಷದಿಂದ?" ಅಂದ್ರು. ಮೂರು ತಿಂಗಳು ಅಂದೆ. ಆಮೇಲೆ ನೆನಪಾಯ್ತು. ಪಿಯುಸಿ ಕೆಮಿಸ್ಟ್ರಿ ಲ್ಯಾಬಲ್ಲಿ ಪಿಪೆಟ್ ಹಿಡಿದ್ರೆ ನಡುಗ್ತಿತ್ತು. ಪರೀಕ್ಷೆ ಭಯ ಅಂದ್ಕೊಂಡಿದ್ದೆ.

"ಮನೆಯಲ್ಲಿ ಯಾರಿಗಾದ್ರೂ ಇದೆಯಾ?" ಇಲ್ಲ ಅಂದೆ. ಅವರು ಪೆನ್ನು ಕೆಳಗಿಟ್ಟು ಬೇರೆ ಥರ ಕೇಳಿದ್ರು. "ನಿಮ್ಮ ಮನೆಯಲ್ಲಿ ಟೀ ಕುಡಿಯುವಾಗ ಲೋಟ ಎರಡೂ ಕೈಯಲ್ಲಿ ಹಿಡಿಯೋರು ಯಾರು?"

ನನಗೆ ಮಾತು ಹೊರಡಲಿಲ್ಲ. ನಮ್ಮಪ್ಪ.

ನಮ್ಮಪ್ಪ ಪ್ರೈಮರಿ ಸ್ಕೂಲ್ ಮೇಷ್ಟ್ರು. ಬೋರ್ಡಿನ ಮೇಲೆ ಅವರ ಅಕ್ಷರ ಅಲೆ ಅಲೆಯಾಗಿರೋದು. ಲೋಟ ಯಾವಾಗಲೂ ಎರಡು ಕೈಯಲ್ಲಿ. ಮದುವೆ ಮನೆಯಲ್ಲಿ ಬಡಿಸೋಕೆ ನಿಲ್ಲಲ್ಲ, ಯಾರ ಪತ್ರಕ್ಕೂ ಸಾಕ್ಷಿ ಸಹಿ ಹಾಕಲ್ಲ. ಊರಲ್ಲಿ ಮಾತಿತ್ತು, "ಮೇಷ್ಟ್ರು ಸಂಜೆ ಹೊತ್ತು ತಗೋತಾರೆ" ಅಂತ. ಎಂಟನೇ ಕ್ಲಾಸಲ್ಲಿ ಇದ್ದಾಗ ಒಬ್ಬ ಹುಡುಗ ಅದನ್ನ ನನ್ನ ಮುಖಕ್ಕೇ ಹೇಳಿದ. ಆವತ್ತು ರಾತ್ರಿ ಅಪ್ಪ ಮಲಗಿದ ಮೇಲೆ ಅವರ ಟವೆಲ್ ಮೂಸಿ ನೋಡಿದೆ. ಲೈಫ್‌ಬಾಯ್ ಸೋಪಿನ ವಾಸನೆ ಬಿಟ್ಟು ಏನೂ ಇರಲಿಲ್ಲ. ಆದರೂ ನಾನು ಊರವರನ್ನೇ ನಂಬಿದೆ. ಅಕ್ಕನ ಮದುವೆಯಲ್ಲಿ ಧಾರೆ ಎರೆಯೋ ಹೊತ್ತಿಗೆ ಅಪ್ಪನ ಕೈಯಲ್ಲಿ ಗಿಂಡಿ ತಟ್ಟೆಗೆ ತಾಗಿ ಟಕಟಕ ಅಂತು. ಗಂಡಿನ ಕಡೆಯವರು ಮುಖ ಮುಖ ನೋಡ್ಕೊಂಡ್ರು. ನಾನು ಮಂಟಪ ಬಿಟ್ಟು ಅಡುಗೆ ಮನೆ ಕಡೆ ಹೋಗಿ ನಿಂತೆ. ನಾಚಿಕೆಗೆ.

ಡಾಕ್ಟರ್ ಹೇಳಿದ ಹೆಸರು ಎಸೆನ್ಷಿಯಲ್ ಟ್ರೆಮರ್. ಇಲ್ಲಿ ಎಸೆನ್ಷಿಯಲ್ ಅಂದ್ರೆ ಬೇರೆ ಕಾಯಿಲೆಯಿಂದ ಬಂದದ್ದಲ್ಲ, ತಾನೇ ತಾನಾಗಿ ಇರೋದು ಅಂತ. ಜನರಲ್ಲಿ ಸುಮಾರು ನೂರಕ್ಕೆ ಒಬ್ಬರಿಗೆ ಇರತ್ತೆ, 65 ದಾಟಿದವರಲ್ಲಿ ನೂರಕ್ಕೆ ಐದರ ಆಸುಪಾಸು. ಇಪ್ಪತ್ತರ ಆಸುಪಾಸಿನಲ್ಲೇ ಶುರುವಾಗೋದೂ ಉಂಟು. ಎಷ್ಟೋ ಮನೆಗಳಲ್ಲಿ ವಂಶದಲ್ಲಿ ಬರತ್ತೆ. ಹಾಗೆ ಬರೋ ಮನೆಗಳಲ್ಲಿ ತಂದೆ ತಾಯಿ ಒಬ್ಬರಿಗೆ ಇದ್ರೆ ಪ್ರತಿ ಮಗುವಿಗೂ ಅರ್ಧಕ್ಕರ್ಧ ಸಾಧ್ಯತೆ. ಪ್ರಾಣಕ್ಕೆ ಅಪಾಯ ಇಲ್ಲ. ಹಾಗಂತ ಏನೂ ಅಲ್ಲ ಅಂತಾನೂ ಅಲ್ಲ. ವರ್ಷಗಳ ಮೇಲೆ ನಿಧಾನಕ್ಕೆ ಜಾಸ್ತಿ ಆಗಬಹುದು. ಇನ್ನೊಂದು ವಿಚಿತ್ರ ಇದೆ. ಇರೋರಲ್ಲಿ ಬಹಳ ಜನಕ್ಕೆ ಸ್ವಲ್ಪ ಮದ್ಯ ಕುಡಿದ್ರೆ ಈ ನಡುಕ ಸ್ವಲ್ಪ ಹೊತ್ತು ಕಡಿಮೆ ಆಗತ್ತೆ, ಆಮೇಲೆ ಮೊದಲಿಗಿಂತ ಜೋರಾಗಿ ವಾಪಸ್ ಬರತ್ತೆ. ಅಂದ್ರೆ ನಮ್ಮಪ್ಪ ನಿಜವಾಗ್ಲೂ ಕುಡಿದಿದ್ರೆ ಧಾರೆ ಹೊತ್ತಲ್ಲಿ ಅವರ ಕೈ ಅಷ್ಟು ನಡುಗ್ತಿರಲಿಲ್ಲವೇನೋ. ಕುಡೀದೇ ಇದ್ದಿದ್ದಕ್ಕೇ ಕುಡುಕ ಅನ್ನಿಸ್ಕೊಂಡ್ರು.

ಆವತ್ತು ರಾತ್ರಿ ಊರಿಗೆ ಫೋನ್ ಮಾಡಿದೆ. "ಅಪ್ಪ, ನಿಮಗೆ ಕೈ ನಡುಗೋದು ಯಾವಾಗಿಂದ?"

"ಟಿಸಿಎಚ್ ಓದೋವಾಗಿಂದ ಕಣಪ್ಪ. ನಿಮ್ಮ ತಾತಂಗೂ ಇತ್ತು. ಯಾಕೆ?"

"ಒಂದು ದಿನಾನೂ ಹೇಳಲಿಲ್ಲ?"

"ಏನಂತ ಹೇಳ್ಲಿ? ನಾನು ಕುಡಿಯಲ್ಲ ಅಂತ ಮನೆಮನೆಗೆ ಹೋಗಿ ಹೇಳೋಕಾಗತ್ತಾ?"

"ನಾನೂ ಹಾಗೇ ಅಂದ್ಕೊಂಡಿದ್ದೆ ಅಪ್ಪ."

ಸ್ವಲ್ಪ ಹೊತ್ತು ಆ ಕಡೆಯಿಂದ ಏನೂ ಇಲ್ಲ. ಆಮೇಲೆ, "ಗೊತ್ತಿತ್ತು ಕಣಪ್ಪ. ಊಟ ಆಯ್ತಾ?" ಅಂದ್ರು.

ಇದನ್ನ ಹೇಳೋಕೇ ಇವತ್ತು ಇಲ್ಲಿ ನಿಂತಿದೀನಿ. ಕೈ ನಡುಕದಿಂದ ಅಪ್ಪನಿಗೆ ಚೆಲ್ಲಿದ್ದು ಒಂದಿಷ್ಟು ಕಾಫಿ. ನಲವತ್ತು ವರ್ಷ ಮಾನ ಹೋಗಿದ್ದು ನಮ್ಮಂಥೋರ ಮಾತಿಂದ.

ದಸರಾ ರಜೆಗೆ ಹೋದಾಗ ಅಪ್ಪನ್ನ ಬೆಂಗಳೂರಿನ ನಿಮ್ಹಾನ್ಸ್‌ಗೆ ಕರ್ಕೊಂಡು ಹೋದೆ. ಅವರಿಗೂ ಅದೇ ಹೆಸರು ಹೇಳಿದ್ರು. ಉಬ್ಬಸ ಇಲ್ಲ, ಹೃದಯ ಸರಿ ಇದೆ ಅಂತ ನೋಡಿಯೇ ಸಣ್ಣ ಡೋಸಿನ ಪ್ರೊಪ್ರನಾಲಾಲ್ ಕೊಟ್ಟರು. ಪೂರ್ತಿ ನಿಂತಿಲ್ಲ. ಲೋಟಕ್ಕೆ ಮುಕ್ಕಾಲು ಕಾಫಿ ಹಾಕಿದ್ರೆ ಈಗ ಒಂದೇ ಕೈಯಲ್ಲಿ ಕುಡೀತಾರೆ. ನಾನು ಮಾತ್ರೆ ತಗೊಳ್ತಿಲ್ಲ. ಡಬ್ಬ ಬಿಟ್ಟೆ, ಟೀ ಎರಡಕ್ಕೆ ಇಳಿಸಿದೆ, ಆರೂವರೆ ಗಂಟೆ ನಿದ್ದೆ ಮಾಡ್ತೀನಿ. ಅರ್ಧ ಕಡಿಮೆ ಆಗಿದೆ. ಉಳಿದ ಅರ್ಧ ನಮ್ಮಪ್ಪ ಕೊಟ್ಟ ಆಸ್ತಿ.

ನಿಮ್ಹಾನ್ಸ್ ಅಂದ ಮೇಲೆ ಇನ್ನೊಂದು ಕಾಯಿಲೆ ಹೇಳಲೇಬೇಕು. ವಿಲ್ಸನ್ ಕಾಯಿಲೆ. ಮೈಯಿಂದ ತಾಮ್ರ ಹೊರಗೆ ಹೋಗದೆ ಲಿವರ್, ಮೆದುಳಿನಲ್ಲಿ ಕೂರತ್ತೆ. ಹೆಚ್ಚಾಗಿ ಮಕ್ಕಳು, ಹರೆಯದವರಿಗೇ ಬರೋದು. ಅಪರೂಪ, ಆದರೆ ಬೇಗ ಹಿಡಿದ್ರೆ ಔಷಧಿ ಇದೆ, ಬಿಟ್ಟರೆ ಪ್ರಾಣಕ್ಕೆ ಕುತ್ತು. ಮೂರು ದಶಕದಲ್ಲಿ ನೋಡಿದ 282 ರೋಗಿಗಳ ವಿವರವನ್ನ ನಿಮ್ಹಾನ್ಸ್ ವೈದ್ಯರು 2007ರಲ್ಲಿ ಪ್ರಕಟಿಸಿದ್ರು. ತಂದೆ ತಾಯಿ ಇಬ್ಬರಿಂದಲೂ ಆ ದೋಷ ಬಂದ್ರೆ ಮಾತ್ರ ಈ ಕಾಯಿಲೆ. ಸೋದರಮಾವ, ಅತ್ತೆ ಮಗಳು ಅಂತ ಸಂಬಂಧದಲ್ಲೇ ಮದುವೆ ಆಗೋ ನಮ್ಮಂಥ ಕಡೆ ಇದು ನೆನಪಿರಬೇಕು. ನಡುಕದ ಜೊತೆ ಮಾತು ತೊದಲೋದು, ಜೊಲ್ಲು ಸೋರೋದು, ಸ್ವಭಾವ ಬದಲಾಗೋದು, ಹಿಂದೆ ಕಾಮಾಲೆ ಆಗಿರೋದು ಇದ್ರೆ ತಡ ಮಾಡಬೇಡಿ. ರಕ್ತದಲ್ಲಿ ಸೆರುಲೋಪ್ಲಾಸ್ಮಿನ್, 24 ಗಂಟೆ ಮೂತ್ರದಲ್ಲಿ ತಾಮ್ರ, ಕಣ್ಣಿನ ಪರೀಕ್ಷೆ. ಇಷ್ಟರಿಂದ ಶುರು ಮಾಡ್ತಾರೆ.

ಹಾಗಾದ್ರೆ ಕೈ ನಡುಗೋರು ಏನು ಮಾಡಬೇಕು? ಮೊದಲು ಒಂದು ವಾರ ಬರೆದಿಡಿ. ಯಾವಾಗ ನಡುಗತ್ತೆ, ಸುಮ್ಮನಿದ್ದಾಗಲೋ ಕೆಲಸ ಮಾಡುವಾಗಲೋ, ಆ ದಿನ ಎಷ್ಟು ಟೀ, ಎಷ್ಟು ನಿದ್ದೆ. ತಗೊಳ್ಳೋ ಔಷಧಿ ಎಲ್ಲಾ ಬರೀರಿ, ಇನ್‌ಹೇಲರ್, ಫಿಟ್ಸ್ ಅಥವಾ ಮೈಗ್ರೇನಿನ ವಾಲ್ಪ್ರೊಯೇಟ್, ಲಿಥಿಯಂ, ಖಿನ್ನತೆಯ ಮಾತ್ರೆ, ಥೈರಾಯ್ಡ್ ಮಾತ್ರೆ. ಇವುಗಳಿಂದಲೂ ನಡುಕ ಬರಬಹುದು. ಆದರೆ ನೀವಾಗೇ ನಿಲ್ಲಿಸಬೇಡಿ, ಡಾಕ್ಟರಿಗೆ ತೋರಿಸಿ. ಟಿಎಸ್‌ಎಚ್, ಸಕ್ಕರೆ ನೋಡಿಸಿ. ಇಲ್ಲಿಗೆ ಬಂದು ಪೂರ್ತಿ ಸಸ್ಯಾಹಾರಿ ಆದೋರು ಬಿ12 ಕೂಡ ಕೇಳಿ. ದುಡ್ಡಿನ ಯೋಚನೆ ಇದ್ರೆ ಅಸಾರ್ವಾದ ಸಿವಿಲ್ ಆಸ್ಪತ್ರೆ, ವಡೋದರದ ಎಸ್‌ಎಸ್‌ಜಿ, ಸೂರತ್‌ನ ನ್ಯೂ ಸಿವಿಲ್ ಇವೆ. ಇನ್ನು ಒಂದೇ ಕಡೆ ಕೈ ಸುಮ್ಮನಿದ್ದಾಗ ನಡುಗಿದ್ರೆ, ನಡಿಗೆ ಬದಲಾದ್ರೆ ನರರೋಗ ತಜ್ಞರ ಹತ್ರಾನೇ ಹೋಗಿ. ಇದ್ದಕ್ಕಿದ್ದ ಹಾಗೆ ಒಂದು ಕಡೆ ಶಕ್ತಿ ಹೋದ್ರೆ ಅದು ಬೇರೆ ವಿಷಯ, ಆ ಕ್ಷಣವೇ ಆಸ್ಪತ್ರೆಗೆ ಹೋಗಬೇಕು.

ಕೈ ನಡುಗದೇ ಇರೋರಿಗೂ ಒಂದು ಕೆಲಸ ಇದೆ. ನಿಮ್ಮ ಟೀಮಿನಲ್ಲಿ ಯಾರದ್ದಾದ್ರೂ ಕಪ್ಪು ಕಟಕಟ ಅಂದ್ರೆ ನಗಬೇಡಿ, ದಿಟ್ಟಿಸಿ ನೋಡಬೇಡಿ. ಲೋಟಕ್ಕೆ ಮುಕ್ಕಾಲು ಹಾಕಿ ಕೊಡಿ, ಅಷ್ಟು ಸಾಕು. ಮತ್ತೆ ಇವತ್ತು ರಾತ್ರಿ ಊರಿಗೆ ಫೋನ್ ಮಾಡಿದಾಗ ಕೇಳಿ, ನಮ್ಮ ಮನೆಯಲ್ಲಿ ಲೋಟ ಎರಡು ಕೈಯಲ್ಲಿ ಹಿಡಿಯೋರು ಯಾರಾದ್ರೂ ಇದಾರಾ ಅಂತ.

ಇಷ್ಟೇ ನನ್ನ ಮಾತು. ಪ್ರಶ್ನೆ ಇದ್ರೆ ಕೇಳಿ. ಅಣ್ಣಾ, ಆ ಸ್ಟ್ಯಾಂಡ್ ತೆಗೀರಿ, ಮೈಕ್ ಕೈಗೇ ಕೊಡಿ. ನಡುಗಿದ್ರೆ ನಡುಗಲಿ.